ಖುಷ್ಕಿ ಎಂದು ಬರೆಸಿಕೊಂಡ ತೋಟ

ಮೂವತ್ತು ವರ್ಷ ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪಾಠ ಹೇಳಿದೆ. ರಾಷ್ಟ್ರೀಯ ಆದಾಯದ ಅಧ್ಯಾಯ ಬಂದಾಗಲೆಲ್ಲ ಒಂದು ಸಾಲು ಹೇಳಲೇಬೇಕಿತ್ತು: ಮನೆಯ ಹೆಂಗಸರು ಕೂಲಿಯಿಲ್ಲದೆ ಮಾಡುವ ಕೆಲಸವನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ, ಏಕೆಂದರೆ ಅದನ್ನು ಅಳೆಯುವುದು ಕಷ್ಟ. ಮಕ್ಕಳು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಎರಡು ಅಂಕದ ಪ್ರಶ್ನೆ ಅದು. ನಾನೂ ಮುಖ ಸಿಂಡರಿಸದೆ ಹೇಳಿ ಮುಗಿಸುತ್ತಿದ್ದೆ, ತಿಂಗಳ ಕೊನೆಗೆ ಸಂಬಳ ಬರುತ್ತಿತ್ತಲ್ಲ. ಆದರೆ ಒಳಗೊಳಗೆ ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ, ಕಷ್ಟವಂತೆ ಕಷ್ಟ, ಮಣ್ಣಂಗಟ್ಟಿ! ಅಳೆಯುವವರನ್ನು ನಾನು ಹದಿನಾಲ್ಕನೆಯ ವಯಸ್ಸಿಗೇ ಕಂಡವಳು. ಸರಪಳಿ ಹಿಡಿದು ಬಂದವರು ಜಮೀನಿನ ಕೊನೆಯ ಮೂಲೆಯವರೆಗೆ ಅಳೆದರು, ಬೇಲಿಯ ಕತ್ತಾಳೆಯನ್ನೂ ಎಣಿಸಿ ಬರೆದುಕೊಂಡರು. ಅವ್ವನ ಕೆಲಸ ಅವರ ಕಣ್ಣೆದುರಿಗೇ ಹೂ ಬಿಟ್ಟು ನಿಂತಿತ್ತು. ಅದನ್ನು ಮಾತ್ರ ಬರೆಯಲಿಲ್ಲ. ಬರೆಯದಂತೆ ನೋಡಿಕೊಂಡವರು ನಮ್ಮ ಮನೆಯವರೇ, ಅದರಲ್ಲಿ ನಾನೂ ಒಬ್ಬಳು.

ಈಗ ಜಯನಗರದ ಬ್ಲಾಕುಗಳಿರುವ ಕಡೆ, ಸಿದ್ದಾಪುರದಿಂದ ದಕ್ಷಿಣಕ್ಕೆ, ರಾಗಿ ಹೊಲಗಳ ನಡುವೆ ನಮ್ಮ ಹಳ್ಳಿ ಇತ್ತು. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಬಡಾವಣೆ ಒಂದೊಂದೇ ಬ್ಲಾಕಾಗಿ ನಮ್ಮ ಕಡೆಗೆ ಸರಿಯುತ್ತಿತ್ತು. ಮನೆಯಲ್ಲಿ ಮೂರೇ ಜನ, ಅಪ್ಪ, ಅವ್ವ ಮತ್ತು ನಾನು. ಇದ್ದದ್ದು ಒಂದು ಎಕರೆ. ಅರ್ಧದಲ್ಲಿ ರಾಗಿ, ಇನ್ನರ್ಧದಲ್ಲಿ ತೋಟ: ಮಲ್ಲಿಗೆ, ಕನಕಾಂಬರ, ಬದನೆ, ದಂಟಿನ ಸೊಪ್ಪು, ಮೂಲೆಯಲ್ಲಿ ಎರಡು ನಿಂಬೆ ಗಿಡ. ತೋಟದಲ್ಲಿ ಬಾವಿ ಇರಲಿಲ್ಲ. ನೀರು ಬೇಕಾದರೆ ಇನ್ನೂರು ಹೆಜ್ಜೆ ದೂರದ ಊರ ಬಾವಿಯಿಂದ ಸೇದಿ ಹೊತ್ತು ತರಬೇಕು. ಅವ್ವ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ದಿನಕ್ಕೆ ನಲವತ್ತು ಕೊಡ ಹೊರುತ್ತಿದ್ದಳು. ನನ್ನ ಪಾಲಿಗೆ ಇಪ್ಪತ್ತು. ಒಂದು ದಿನ ಈ ಸಾಲಿಗೆ, ಮರುದಿನ ಆ ಸಾಲಿಗೆ. ಮಳೆ ಬಿದ್ದ ದಿನ ಮಾತ್ರ ರಜೆ.

ಈ ಕೆಲಸವೆಲ್ಲ ಕೋಳಿ ಕೂಗುವುದಕ್ಕೆ ಶುರುವಾಗಿ, ಸೂರ್ಯ ಮೇಲೇಳುವುದರೊಳಗೆ ಮುಗಿಯಬೇಕಿತ್ತು. ಯಾಕೆಂದರೆ ಅಪ್ಪನಿಗೆ ಮರ್ಯಾದೆಯ ಹುಚ್ಚು. ಹೆಂಗಸರು ಹೊಲ ತೋಟಕ್ಕೆ ಇಳಿಯದ ಮನೆಯೇ ದೊಡ್ಡ ಮನೆ ಎಂಬುದು ನಮ್ಮೂರ ಗಂಡಸರು ತಮ್ಮತಮ್ಮಲ್ಲೇ ಮಾಡಿಕೊಂಡಿದ್ದ ಕಾಯಿದೆ. ಅಪ್ಪ ಪಂಚಾಯ್ತಿ ಮೆಂಬರು, ಕರಿ ಕೋಟು ಬೇರೆ ಹೊಲಿಸಿದ್ದ. ಚಾವಡಿಯ ಜಗಲಿಯ ಮೇಲೆ ಕೂತು "ನಮ್ಮನೆ ಹೆಂಗಸರು ಹೊಸ್ತಿಲು ದಾಟಲ್ಲ" ಎಂದು ಹೇಳಿ ಮೀಸೆ ತೀಡಿಕೊಳ್ಳುತ್ತಿದ್ದ. ಕೇಳುವವರು ತಲೆಯಾಡಿಸುತ್ತಿದ್ದರು. ತಲೆಯಾಡಿಸದೆ ಏನು ಮಾಡುತ್ತಾರೆ? ಕೋಳಿ ಕೂಗುವ ಹೊತ್ತಿಗೆ ಬಾವಿಕಟ್ಟೆಯ ಮೇಲೆ ಅವರ ಹೆಂಡಿರೂ ಹಗ್ಗ ಹಿಡಿದು ನಿಂತಿರುತ್ತಿದ್ದರು. ಒಬ್ಬನ ಬಂಡವಾಳ ಬಯಲಾದರೆ ಎಲ್ಲರದೂ ಬಯಲಾಗುತ್ತಿತ್ತು. ಹಾಗಾಗಿ ಊರಿಗೆ ಊರೇ ಸೇರಿ ಆ ಸುಳ್ಳನ್ನು ಸಾಕಿತ್ತು.

ಅಪ್ಪನ ಕೆಲಸ ಏನೆಂದರೆ, ಅವ್ವ ಕಿತ್ತು ಕಟ್ಟಿಟ್ಟ ಹೂವನ್ನು ಸೈಕಲ್ಲಿಗೆ ಹೇರಿಕೊಂಡು ಬಸವನಗುಡಿಗೆ ಹೋಗಿ ಅಂಗಡಿಗೆ ಹಾಕಿ ಬರುವುದು. "ನನ್ನ ತೋಟದ ಮಲ್ಲಿಗೆ" ಎನ್ನುತ್ತಿದ್ದ. ಬರುವಾಗ ಒಂದು ಕಾಫಿ ಕುಡಿದು, ಪೇಪರಿನ ಸುದ್ದಿ ಕೇಳಿಸಿಕೊಂಡು, ಹನ್ನೊಂದಕ್ಕೆ ಮನೆ ಸೇರಿ, ದಣಿವಾಯಿತೆಂದು ಮಲಗುತ್ತಿದ್ದ.

ನಾನೇನು ಕಡಿಮೆಯವಳಲ್ಲ. ಬಸವನಗುಡಿಯ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದೆ. ಅಲ್ಲಿಯ ಹುಡುಗಿಯರ ಲಂಗಕ್ಕೆ ಇಸ್ತ್ರಿ ಇರುತ್ತಿತ್ತು, ಅಂಗೈ ಮೆತ್ತಗಿರುತ್ತಿತ್ತು. ನನ್ನ ಅಂಗೈಯಲ್ಲಿ ಹಗ್ಗದ ಗೆರೆ. "ಇದೇನೇ?" ಎಂದು ಒಬ್ಬಳು ಕೇಳಿದಾಗ "ಉಯ್ಯಾಲೆ ಆಡಿದ್ದು" ಎಂದೆ. ನಮ್ಮ ತೋಟದಲ್ಲಿ ಇಬ್ಬರು ಆಳುಗಳಿದ್ದಾರೆ ಎಂದೂ ಸೇರಿಸಿದೆ. ಇಬ್ಬರು ಅನ್ನುವುದಂತೂ ನಿಜವೇ ಆಗಿತ್ತು.

ಮಾಘ ಮಾಸದಲ್ಲಿ ಜಮೀನು ಬಡಾವಣೆಗೆ ಹೋಗುತ್ತದೆ ಎಂದು ನೋಟೀಸು ಬಂತು. ತಡೆಯುವ ಮಾತೇ ಇರಲಿಲ್ಲ, ಪರಿಹಾರ ಎಷ್ಟು ಎನ್ನುವುದಷ್ಟೇ ಪ್ರಶ್ನೆ. ಮಳೆಯನ್ನು ನಂಬಿದ ಒಣ ಹೊಲವಾದರೆ ಅದು ಖುಷ್ಕಿ, ಅದಕ್ಕೆ ಕಡಿಮೆ ದರ. ನೀರು ಹಾಕಿ ಬೆಳೆಸಿದ ತೋಟವಾದರೆ ಬಾಗಾಯ್ತು, ಅದಕ್ಕೆ ದುಪ್ಪಟ್ಟಿಗಿಂತ ಹೆಚ್ಚು. ಶಾನುಭೋಗರ ಹಳೆಯ ಪುಸ್ತಕದಲ್ಲಿ ನಮ್ಮ ಒಂದೆಕರೆಯೂ ಖುಷ್ಕಿ ಎಂದೇ ಇತ್ತು. ಅದನ್ನು ತಿದ್ದಿಸಿದರೆ ಬರುವ ದುಡ್ಡಿನಲ್ಲಿ ಹೊಸ ಬಡಾವಣೆಯಲ್ಲೇ ಒಂದು ಸಣ್ಣ ಸೈಟು, ಅದರ ಮೇಲೆ ಎರಡು ಕೋಣೆ. ತಿದ್ದಿಸದಿದ್ದರೆ ಸಿದ್ದಾಪುರದ ಯಾವುದೋ ವಠಾರದಲ್ಲಿ ಬಾಡಿಗೆ. ಅವ್ವ ಇದನ್ನು ಅಂಗಳದಲ್ಲಿ ಹುರುಳಿಕಾಳು ಇಟ್ಟು ಲೆಕ್ಕ ಹಾಕಿ ನೋಡಿದ್ದಳು. ಮನೆಯ ಬಾಗಿಲು ಯಾವ ಕಡೆ ಎನ್ನುವುದೂ ಅವಳ ತಲೆಯಲ್ಲಿ ಗೊತ್ತಾಗಿಬಿಟ್ಟಿತ್ತು.

ಹದಿನೈದು ದಿನದಲ್ಲಿ ಪರಿಹಾರ ಗೊತ್ತುಮಾಡುವ ಸಾಹೇಬರು ನಮ್ಮೂರ ಚಾವಡಿಗೇ ಬಂದು ಎಲ್ಲರ ಹೇಳಿಕೆ ತೆಗೆದುಕೊಂಡರು. ಕನ್ನಡಕದ ನಡುವಯಸ್ಸಿನ ಮನುಷ್ಯ, ಕೆಟ್ಟವರೇನಲ್ಲ. ಗಂಡಸರೆಲ್ಲ ಜಗಲಿಯ ಮೇಲೆ, ಹೆಂಗಸರು ಕಂಬದ ಆಚೆ ಬಿಸಿಲಲ್ಲಿ. ಮೊದಲು ಕರೆದದ್ದು ನಮ್ಮ ಪಕ್ಕದ ಹೊಲದಾಕೆಯನ್ನು. ಗಂಡ ಸತ್ತು ಆರು ವರ್ಷವಾಗಿತ್ತು, ಖಾತೆ ಅವಳ ಹೆಸರಿನಲ್ಲೇ ಇತ್ತು. ಅವಳದೂ ನಮ್ಮ ಹಾಗೆಯೇ ಬಾವಿಯಿಲ್ಲದ ಹೂತೋಟ.

"ನೀರು ಯಾರು ಹೊರ್ತಾರಮ್ಮ?" ಎಂದರು ಸಾಹೇಬರು.

"ಯಾರು ಅಂದ್ರೆ? ನಾನೇ ಸ್ವಾಮಿ. ಸತ್ತೋನು ಎದ್ದು ಬಂದು ಹೊರ್ತಾನಾ?"

ಶಾನುಭೋಗರು ಪುಸ್ತಕ ತಿರುವಿ, ಕೆರೆ, ಕಾಲುವೆ, ಬಾವಿ, ಕಪಿಲೆ ಎಂದು ಕಾಲಂ ಇದೆ, ಕೊಡ ಎಂದು ಕಾಲಂ ಇಲ್ಲ ಎಂದರು. ಸಾಹೇಬರು ಸ್ವಲ್ಪ ಯೋಚಿಸಿ, "ಪಕ್ಕದಲ್ಲಿ ಷರಾ ಬರ್ಕೊಳ್ರೀ, ಕೈನೀರಿನ ತೋಟ ಅಂತ. ಬಾಗಾಯ್ತಿಗೆ ಶಿಫಾರಸು ಮಾಡೋಣ" ಎಂದರು. ಅಷ್ಟೇ, ಎರಡು ನಿಮಿಷದ ಕೆಲಸ. ಅಳೆಯುವುದು ಕಷ್ಟ ಎಂದು ಪುಸ್ತಕ ಬರೆದವರು ಆ ಹೊತ್ತು ಅಲ್ಲಿ ಇರಬೇಕಿತ್ತು. ಅವಳ ದುಡಿಮೆಯನ್ನು ಅಲ್ಲಗಳೆಯುವುದಕ್ಕೆ ಗಂಡ ಉಳಿದಿರಲಿಲ್ಲ, ಅದಕ್ಕೇ ಅದಕ್ಕೊಂದು ದರ ಬಂತು.

ಆಮೇಲೆ ಅಪ್ಪನ ಸರದಿ. ಕೋಟಿನ ಗುಂಡಿ ಹಾಕಿಕೊಂಡು ನಿಂತ.

"ಬರೋ ದಾರೀಲಿ ನೋಡ್ದೆ, ಬಿಸಿಲು ಇಷ್ಟಿದ್ರೂ ನಿಮ್ಮದು ಹಸಿರಾಗಿದೆಯಲ್ಲ ಯಜಮಾನ್ರೇ. ನೀರು ಯಾರು ಹೊರ್ತಾರೆ?"

"ಆಳುಗಳು ಸ್ವಾಮಿ."

"ಕರೀರಿ, ಹೇಳಿಕೆ ತಗೊಳ್ಳೋಣ."

ಅಪ್ಪ ಸುತ್ತ ನೋಡಿದ. ಎಲ್ಲಿಂದ ಕರೆಯುತ್ತಾನೆ? "ಈಗ ಯಾರೂ ಇಲ್ಲ ಸ್ವಾಮಿ, ಬಿಟ್ಟು ಹೋದ್ರು. ನೆಲ ಅಂಥದ್ದು. ಇಬ್ಬನಿ ಬೀಳತ್ತೆ, ದೇವರ ದಯೆ, ತಾನೇ ಬೆಳೀತದೆ."

"ಮನೆಯೋರು ಹೊರ್ತಾರೇನ್ರೀ? ಹಾಗಿದ್ರೆ ಹೇಳಿ, ಷರಾ ಬರೀತೀನಿ."

"ಛೆ ಛೆ! ನಮ್ಮನೆ ಹೆಂಗಸರು ಹೊಸ್ತಿಲು ದಾಟಲ್ಲ."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರೆ. ಆ ಮಲ್ಲಿಗೆಯನ್ನೂ ಹೆಂಡತಿಯೇ ಬೆಳೆದಿದ್ದಳು. ಒಂದು ಮನೆ ಕೈಗೆ ಬರುವುದರಲ್ಲಿತ್ತು, ಹೌದು ಎಂದರೆ ಸಾಕಿತ್ತು. ಸಾಹೇಬರು ಬಾಯಿಗೆ ತಂದು ಇಟ್ಟಿದ್ದರು. ಆ ಒಂದು ಮಾತಿಗೆ ಬದಲಾಗಿ ನನ್ನ ಅಪ್ಪ ಇಬ್ಬನಿಯನ್ನು ಸಾಕ್ಷಿಗೆ ಕರೆದ.

ಆಗ ಕಂಬದ ಆಚೆಯಿಂದ ಅವ್ವನ ದನಿ ಬಂತು. "ನಾನು ಹೊರ್ತೀನಿ ಸ್ವಾಮಿ."

ಸೆರಗು ತಲೆಯ ಮೇಲೆ ಎಳೆದುಕೊಂಡು ಅವ್ವ ಮುಂದೆ ಬಂದಳು. "ದಿನಾ ನಲವತ್ತು ಕೊಡ ನಾನು, ಇಪ್ಪತ್ತು ನನ್ನ ಮಗಳು. ಒಂಬತ್ತು ವರ್ಷದಿಂದ ಹೊರ್ತಾ ಇದೀನಿ."

"ಅವಳಿಗೆ ಮೈಯಲ್ಲಿ ಸರಿಯಿಲ್ಲ ಸ್ವಾಮಿ" ಎಂದ ಅಪ್ಪ. "ಏನೇನೋ ಮಾತಾಡ್ತಾಳೆ."

ಜಗಲಿಯ ಮೇಲಿನ ಗಂಡಸರು ನೆಲ ನೋಡುತ್ತಿದ್ದರು. ದಿನವೂ ಬೆಳಗ್ಗೆ ಅವಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದವರೇ ಅದರಲ್ಲಿ ಮೂವರಿದ್ದರು.

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಖಾತೆ ಇವರ ಹೆಸರಲ್ಲಿದೆ ಅಮ್ಮ. ಇವರು ಇಲ್ಲ ಅಂತಾರೆ, ನೀವು ಹೌದು ಅಂತೀರಿ. ನಾನು ಏನಂತ ಬರೀಲಿ?"

"ನನ್ನ ಮಗಳನ್ನ ಕೇಳಿ. ಓದೋ ಹುಡುಗಿ, ಸುಳ್ಳು ಹೇಳಲ್ಲ."

ಸಾಹೇಬರು ನನ್ನ ಕಡೆ ತಿರುಗಿದರು. ಶಾನುಭೋಗರ ಮನೆ ಇದ್ದದ್ದು ಬಸವನಗುಡಿಯಲ್ಲಿ, ಆ ದಿನ ಅವರ ಹಿಂದೆ ಅವರ ಮಗಳೂ ಬಂದು ಕೂತಿದ್ದಳು. ನನ್ನದೇ ಕ್ಲಾಸಿನವಳು, ಉಯ್ಯಾಲೆಯ ಕಥೆ ಕೇಳಿದವಳು. ನಾಳೆ ಸ್ಕೂಲಿನಲ್ಲಿ ಇವಳು ಏನು ಹೇಳುತ್ತಾಳೋ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಅಪ್ಪ ಕಣ್ಣು ಬಿಟ್ಟು ಹೆದರಿಸಿದ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಅಪ್ಪ ನನ್ನ ಕಡೆ ನೋಡಲೂ ಇಲ್ಲ.

"ನೀರು ಹೊರ್ತೀಯೇನಮ್ಮ?"

"ಇಲ್ಲ ಸಾರ್" ಎಂದೆ. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದೆ.

ಮುಂದಿನ ತಿಂಗಳು ಜಾಗಕ್ಕೇ ಬಂದು ನೋಡುತ್ತೇನೆ, ಆಗ ತೀರ್ಮಾನ ಮಾಡೋಣ ಎಂದು ಸಾಹೇಬರು ಮುಂದಿನವರನ್ನು ಕರೆದರು. ಅವ್ವ ಅಲ್ಲಿ ನಿಲ್ಲಲಿಲ್ಲ. ನಾನು ಹಿಂದೆಯೇ ಓಡಿದೆ. ದಾರಿಯುದ್ದಕ್ಕೂ ಬೈಗುಳಕ್ಕೆ ಕಾದೆ. ಅವಳು ಬೈಯಲಿಲ್ಲ. ಮನೆ ಮುಟ್ಟಿದ ಮೇಲೆ ಒಂದೇ ಮಾತು ಹೇಳಿದಳು, "ನನ್ನದು ಹೋಗ್ಲಿ. ನೀನು ಹೊತ್ತಿದ್ದನ್ನಾದ್ರೂ ಹೇಳ್ಬೋದಿತ್ತು." ಆಮೇಲೆ ಒಲೆ ಹಚ್ಚಿದಳು.

ಮರುದಿನ ಬೆಳಗ್ಗೆ ಅವ್ವ ನನ್ನನ್ನು ಎಬ್ಬಿಸಲಿಲ್ಲ. ಬಿಸಿಲು ಬಂದ ಮೇಲೆ ತಾನು ಬಾವಿಗೆ ಹೋಗಿ ಮನೆಗೆ ಬೇಕಾದ ನಾಲ್ಕು ಕೊಡ ತಂದಳು. ಎಲ್ಲರಂತೆ, ಎಲ್ಲರ ಎದುರಿಗೇ. ಮನೆಯ ನೀರಿಗೆ ಹೊಸ್ತಿಲು ದಾಟಿದರೆ ಯಾರ ಮರ್ಯಾದೆಯೂ ಹೋಗುತ್ತಿರಲಿಲ್ಲ. ಮುದ್ದೆ ತಿರುವಿದಳು, ಎಮ್ಮೆ ಮೈ ತೊಳೆದಳು, ಸೆಗಣಿ ಸಾರಿಸಿದಳು. ತೋಟದ ಕಡೆ ತಲೆ ಹಾಕಲಿಲ್ಲ. ಅದರ ಮರುದಿನವೂ ಹಾಗೆಯೇ.

ಐದನೆಯ ದಿನ ಅಪ್ಪನಿಗೆ ತಿಳಿಯಿತು. ತಿಳಿದದ್ದಾದರೂ ಹೇಗೆ? ಸೈಕಲ್ಲಿಗೆ ಹೇರಲು ಹೂವಿರಲಿಲ್ಲ. "ಗಿಡ ಬಾಡ್ತಾ ಇದೆಯಲ್ಲೇ" ಎಂದ.

"ಹೌದಾ? ಇಬ್ಬನಿ ಬಿದ್ದಿಲ್ವೇನೋ" ಎಂದಳು ಅವ್ವ.

ಮೊದಲು ಅಪ್ಪ ಗದರಿದ. ಆಮೇಲೆ ಊಟ ಬಿಟ್ಟ, ಎರಡು ಹೊತ್ತು. ಮೂರನೆಯ ಹೊತ್ತಿಗೆ ತಾನೇ ತಟ್ಟೆ ಹಾಕಿಕೊಂಡು ಕೂತ. ಹತ್ತನೆಯ ದಿನ ಬಂದು ಅವಳ ಎದುರು ಕುಕ್ಕರಗಾಲಲ್ಲಿ ಕೂತು ಗೋಗರೆದ. "ಸಾಹೇಬ್ರು ಬರೋವರೆಗಾದ್ರೂ ಹಾಕೇ. ಸೈಟು ಬೇಕು ಅಂದೋಳು ನೀನೇ ಅಲ್ವಾ?"

"ಬೇಕು" ಎಂದಳು ಅವ್ವ. "ಹಾಕ್ತೀನಿ. ಆದ್ರೆ ಕತ್ತಲಲ್ಲಿ ಹೊರಲ್ಲ. ಹೊತ್ತು ನೆತ್ತಿಗೆ ಬಂದಾಗ ಹೊರ್ತೀನಿ. ನೀವು ಬಾವಿಕಟ್ಟೆ ಹತ್ರ ನಿಂತ್ಕೊಂಡು, ತೋಟ ಇವಳು ಬೆಳೆಸಿದ್ದು ಅಂತ ನಾಕು ಜನದ ಮುಂದೆ ಹೇಳಿ. ಅಷ್ಟೇ."

ಅವಳು ಕೇಳಿದ್ದು ಒಡವೆಯಲ್ಲ, ಕೂಲಿಯೂ ಅಲ್ಲ. ಅಪ್ಪ ಎದ್ದು, ಪಂಚೆ ಕೊಡವಿಕೊಂಡು ಹೊರಗೆ ಹೋದ. ತಾನೇ ಹೊರುವ ಯೋಚನೆಯಂತೂ ಅವನಿಗೆ ಬರುವುದು ಸಾಧ್ಯವೇ ಇರಲಿಲ್ಲ. ಗಂಡಸು ಕೊಡ ಹೊತ್ತರೆ ಊರು ನಗುತ್ತದೆ. ಊರು ನಗಬಾರದು, ಗಿಡ ಸತ್ತರೆ ಸಾಯಲಿ. ಈ ಗಂಡಸರ ಮರ್ಯಾದೆ ಎಂಬುದನ್ನು ನಾನು ಆಮೇಲೆ ದೊಡ್ಡ ದೊಡ್ಡ ಕಚೇರಿಗಳಲ್ಲೂ ನೋಡಿದ್ದೇನೆ. ಎಲ್ಲ ಕಡೆಯೂ ಅದಕ್ಕೆ ಖರ್ಚು ಮಾಡುವುದು ಹೆಂಗಸರ ಗಂಟನ್ನೇ.

ಮಾರನೆಯ ಬೆಳಗ್ಗೆ ನನಗೆ ತಡೆಯಲಾಗಲಿಲ್ಲ. ಕನಕಾಂಬರದ ಎಲೆಗಳು ಮುದುರಿಕೊಂಡಿದ್ದವು. ಕೊಡ ಎತ್ತಿಕೊಂಡು ಬಾಗಿಲಿಗೆ ಬಂದೆ. ಅವ್ವ ಅಡ್ಡ ನಿಂತಳು.

"ಎಲ್ಲಿಗೆ?"

"ತೋಟಕ್ಕೆ. ಒಂದ್ಹತ್ತು ಕೊಡ ಹಾಕ್ಬರ್ತೀನಿ."

"ಇಳಿಸು. ಹೊರಲ್ಲ ಅಂತ ಸಾಹೇಬ್ರ ಮುಂದೆ ಹೇಳಿದೀಯ. ಹೇಳಿದ ಮಾತಿಗೆ ನಿಲ್ಲಬೇಕು."

ನಾನು ಅತ್ತೆ. ಅವಳು ಕೊಡ ಇಸಿದುಕೊಂಡು ಒಳಗಿಟ್ಟು, ಸ್ಕೂಲಿಗೆ ಹೊತ್ತಾಯಿತು ಎಂದಳು. ಆ ದಿನ ನನ್ನ ಅಂಗೈಯನ್ನು ಯಾರೂ ಏನೆಂದು ಕೇಳಲಿಲ್ಲ. ವಾರದಲ್ಲಿ ಗೆರೆ ಮಾಸಿಯೂ ಹೋಯಿತು. ನಾನು ಬಯಸಿದ್ದು ಅದನ್ನೇ ಅಲ್ಲವೇ.

ಯುಗಾದಿಗೆ ಮುಂಚೆ ಸಾಹೇಬರು ಬಂದರು. ಹಿಂದೆ ಶಾನುಭೋಗರು, ಅವರ ಹಿಂದೆ ಊರ ನಾಲ್ಕು ಜನ ಗಂಡಸರು. ತೋಟವಿದ್ದ ಕಡೆ ಬರೀ ಕಡ್ಡಿ ನಿಂತಿತ್ತು. ದಂಟು ನೆಲಕ್ಕೆ ಅಂಟಿಕೊಂಡು ಒಣಗಿತ್ತು. ನಿಂಬೆ ಗಿಡ ಮಾತ್ರ ಹೇಗೋ ಜೀವ ಹಿಡಿದುಕೊಂಡಿತ್ತು.

"ಏನ್ರೀ ಇದು? ಹೋದ ತಿಂಗಳು ಹೂವಿತ್ತಲ್ಲ?"

"ಬಿಸಿಲು ಜಾಸ್ತಿ ಆಯ್ತು ಸ್ವಾಮಿ" ಎಂದ ಅಪ್ಪ.

ಸಾಹೇಬರು ಬೇಲಿಯ ಆಚೆ ನೋಡಿದರು. ಪಕ್ಕದಾಕೆಯ ಮಲ್ಲಿಗೆ ಹಸಿರಾಗಿ ನಿಂತಿತ್ತು. "ಅಲ್ಲೂ ಇದೇ ಬಿಸಿಲಲ್ವೇನ್ರೀ?" ಎಂದರು. ಅವರು ಅವ್ವನ ಕಡೆ ತಿರುಗಿದರು. "ಏನಾಯ್ತಮ್ಮ?"

"ನೀರು ಹೊರೋಳು ಕೆಲಸ ಬಿಟ್ಟಳು ಸ್ವಾಮಿ" ಎಂದಳು ಅವ್ವ.

ಸಾಹೇಬರಿಗೆ ಅರ್ಥವಾಯಿತು. ಅವರ ಮುಖದಲ್ಲೇ ಗೊತ್ತಾಗುತ್ತಿತ್ತು. ಪುಸ್ತಕ ಬಿಡಿಸಿಕೊಂಡೇ ಅಪ್ಪನನ್ನು ಕೇಳಿದರು, "ಯಜಮಾನ್ರೇ, ಈಗಲೂ ಒಂದು ಮಾತು ಹೇಳಿ. ಯಾರು ಹೊರ್ತಿದ್ರು? ಪಕ್ಕದವರಿಗೆ ಬರೆದ ಹಾಗೇ ನಿಮಗೂ ಬರೀತೀನಿ."

ಅಪ್ಪ ಹಿಂದೆ ನಿಂತಿದ್ದ ನಾಲ್ವರನ್ನು ನೋಡಿದ. ಅವರು ಅಪ್ಪನನ್ನು ನೋಡಿದರು. ಅವ್ವ ಯಾರನ್ನೂ ನೋಡಲಿಲ್ಲ. ನಾನು ಅವಳಿಂದ ಮೂರು ಮೊಳ ದೂರದಲ್ಲಿದ್ದೆ. ಈ ಸಲ ಶಾನುಭೋಗರ ಮಗಳೂ ಇರಲಿಲ್ಲ. ಆದರೂ ನನ್ನ ಬಾಯಿಂದ ಮಾತು ಹೊರಡಲಿಲ್ಲ.

"ಹೇಳೋಕೇನಿದೆ ಸ್ವಾಮಿ" ಎಂದ ಅಪ್ಪ. "ನೆಲಾನೇ ಕೈಕೊಡ್ತು."

ಸಾಹೇಬರು ಖುಷ್ಕಿ ಎಂದು ಬರೆದು ಸಹಿ ಹಾಕಿದರು. ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮಣ್ಣಾದದ್ದು ಅವ್ವನ ಎರಡು ಕೋಣೆಯ ಮನೆ.

ಬಂದ ದುಡ್ಡು ಸೈಟಿಗೂ ಸಾಲಲಿಲ್ಲ. ಪಕ್ಕದ ಹೊಲದಾಕೆ ಬಡಾವಣೆಯಲ್ಲಿ ಹೆಂಚಿನ ಮನೆ ಕಟ್ಟಿಸಿದಳು. ನಾವು ಸಿದ್ದಾಪುರದ ವಠಾರ ಸೇರಿದೆವು. ಒಂದು ಕೋಣೆ, ಒಂದು ಅಡುಗೆಯ ಮೂಲೆ, ಎಂಟು ಸಂಸಾರಕ್ಕೆ ಒಂದು ನಲ್ಲಿ. ಅಪ್ಪ ಅಂಗಡಿಯೊಂದರಲ್ಲಿ ಮೂಟೆ ಎಣಿಸುವ ಕೆಲಸಕ್ಕೆ ಸೇರಿದ. ಸಂಜೆ ವಠಾರದ ಗಂಡಸರನ್ನು ಕೂಡಿಸಿಕೊಂಡು ಹಳೆಯ ವೈಭವ ಹೇಳುವುದು ಅವನ ಚಟವಾಯಿತು. ಕಾಗದದಲ್ಲಿ ಖುಷ್ಕಿಯಾಗಿ ಸತ್ತ ಜಮೀನು ಅವನ ಬಾಯಲ್ಲಿ ಬಾಗಾಯ್ತಾಗಿ ಬದುಕಿತ್ತು. ಅರ್ಧ ಎಕರೆಯ ತೋಟ ಎರಡೇ ವರ್ಷದಲ್ಲಿ ಬೆಳೆದು ಮೂರು ಎಕರೆಯಾಗಿತ್ತು.

ಅಂಥ ಒಂದು ಸಂಜೆ ಎದುರುಮನೆಯ ಮುದುಕರೊಬ್ಬರು ಕೇಳಿದರು, "ಬಾವಿ ಇರ್ಲಿಲ್ಲ ಅಂತೀರ, ನೀರೆಲ್ಲಿಂದ ತರ್ತಿದ್ರಿ?"

"ಹೊತ್ತೆ ಸ್ವಾಮಿ!" ಎಂದ ಅಪ್ಪ, ಹೆಗಲು ತಟ್ಟಿಕೊಂಡು. "ಈ ಹೆಗಲ ಮೇಲೇ ಹೊತ್ತು ಬೆಳೆಸಿದೆ."

ಕೇಳಿದವರು ಲೊಚಗುಟ್ಟಿ ಮೆಚ್ಚಿದರು. ಎಂಥ ದುಡಿಮೆಗಾರ ಎಂದರು. ಈಗ ನೋಡುವ ಊರಿರಲಿಲ್ಲ, ಬಾವಿಯಿರಲಿಲ್ಲ, ಹೊರುವುದರಲ್ಲಿ ಅವಮಾನವೂ ಇರಲಿಲ್ಲ. ನನಗೆ ಹದಿನಾರು. ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳಿಗೆ ಮೈಯೆಲ್ಲ ಉರಿಯಿತು.

"ಅಪ್ಪ ಒಂದು ಕೊಡಾನೂ ಹೊತ್ತಿಲ್ಲ" ಎಂದು ಕೂಗಿಯೇಬಿಟ್ಟೆ. "ಎಲ್ಲಾ ನೀರೂ ನಮ್ಮವ್ವ ಹೊತ್ತಿದ್ದು. ಅವ್ವ, ನಾನು, ಇಬ್ರೇ!"

ಅಪ್ಪ ಬೀಡಿ ಹುಡುಕುವವನಂತೆ ಜೇಬು ತಡಕಿದ. ನಾನು ಎದೆಯುಬ್ಬಿಸಿಕೊಂಡು ಒಳಗೆ ಬಂದೆ. ಅವ್ವ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಿ ನನ್ನನ್ನು ಒಂದು ಚೂರೂ ಸಿಟ್ಟಿಲ್ಲದೆ ನೋಡಿದಳು.

"ಈಗ ಹೇಳೋಕೆ ಏನು ಖರ್ಚು?" ಎಂದಳು. "ಅವತ್ತು ಹೇಳಿದ್ರೆ ಒಂದು ಮನೆ ಆಗ್ತಿತ್ತು."

ಆಮೇಲೆ ಮೊರವನ್ನು ಬೆಳಕಿನ ಕಡೆಗೆ ತಿರುಗಿಸಿಕೊಂಡು, ಮತ್ತೆ ಕಲ್ಲು ಹೆಕ್ಕತೊಡಗಿದಳು.